ರಾಗಿ ಪೈರಿನ ಗೋದಲಿ

ಡಿಸೆಂಬರಿನಲ್ಲಿ ದೊಡ್ಡಬಳ್ಳಾಪುರದ ಸುತ್ತಿನ ಹಳ್ಳಿ ರಸ್ತೆಗಳೆಲ್ಲ ರೈತರ ಕಣ. ಕೊಯ್ದ ರಾಗಿಯನ್ನು ಡಾಂಬರಿನ ಮೇಲೆ ಹರವಿ, ಒಕ್ಕಣೆಯ ಕೆಲಸವನ್ನು ಲಾರಿ ಬಸ್ಸುಗಳಿಗೆ ವಹಿಸಿ, ಮನೆಮಂದಿ ಮರದ ನೆರಳಲ್ಲಿ ಕೂತಿರುತ್ತಾರೆ. ಬೈಕಿನವರು ಬೈದುಕೊಂಡು ಹೋಗುತ್ತಾರೆ. ಚಕ್ರ ಜಾರುತ್ತದಲ್ಲ, ಬೈಯುವುದರಲ್ಲಿ ನ್ಯಾಯವೂ ಇದೆ. ಸಂತೆಯಲ್ಲಿ ಸೊಗಡಿನ ಅವರೆಕಾಯಿ ರಾಶಿ. ಬೆಳಿಗ್ಗೆ ಎಂಟಾದರೂ ಮಂಜು ಬಿಟ್ಟಿರುವುದಿಲ್ಲ. ಈ ಕಡೆಯ ಕಥೋಲಿಕರಿಗೆ ಕ್ರಿಸ್ಮಸ್ ಬರುವುದು ಹೀಗೆ, ಸುಗ್ಗಿಯ ಬೆನ್ನಿಗೇ. ಹಿಮ, ಹಿಮಸಾರಂಗಗಳೆಲ್ಲ ಗ್ರೀಟಿಂಗ್ ಕಾರ್ಡಿನವು.

ನಮ್ಮ ಮನೆಯಲ್ಲಿ ಹಬ್ಬದ ಮೊದಲ ಕೆಲಸ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಗೆ ರಾಗಿ ಬಿತ್ತುವುದು. ಕೇಕಿನ ಮಾತು ಆಮೇಲೆ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗ ಹಳೆಯ ತಟ್ಟೆಗಳಲ್ಲಿ ಕೆಮ್ಮಣ್ಣು, ಗೊಬ್ಬರದ ಪುಡಿ ಹಾಕಿ, ರಾತ್ರಿ ನೆನೆಸಿಟ್ಟ ರಾಗಿಯನ್ನು ಒತ್ತೊತ್ತಾಗಿ ಚೆಲ್ಲಿ, ಒದ್ದೆ ಗೋಣಿಚೀಲ ಮುಚ್ಚಿ ಮೂಲೆಯಲ್ಲಿಡಬೇಕು. ಮೊಳಕೆ ಕಂಡ ಮೇಲೆ ಚೀಲ ತೆಗೆದು ನೀರು ಚಿಮುಕಿಸಬೇಕು, ಸುರಿಯಬಾರದು. ಸುರಿದರೆ ಕಾಳೆಲ್ಲ ಒಂದು ಕಡೆಗೆ ಕೊಚ್ಚಿಕೊಂಡು ಹೋಗಿ ಬೆತ್ಲೆಹೇಮಿನ ನಟ್ಟನಡುವೆ ಬೋಳು ಜಾಗ ಉಳಿಯುತ್ತದೆ. ಇಪ್ಪತ್ತನಾಲ್ಕನೇ ತಾರೀಖಿಗೆ ಬೆರಳುದ್ದದ ಹಸಿರು ಎದ್ದಿರುತ್ತದೆ. ಅದರ ನಡುವೆ ಕುರಿಗಳು, ಕುರುಬರು, ಒಂಟೆ, ಕಿವಿ ಮುರಿದ ಕತ್ತೆ. ಅಸಿಸ್ಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಒಣಹುಲ್ಲು ಹಾಸಿ, ಜೀವಂತ ಎತ್ತು ಕತ್ತೆ ಕಟ್ಟಿ ಹಬ್ಬ ಮಾಡಿದರು. ಗೋದಲಿ ಕಟ್ಟುವ ಪದ್ಧತಿ ಅಲ್ಲಿಂದ ಲೋಕವೆಲ್ಲ ಹರಡಿತು. ಬಯಲುಸೀಮೆಗೆ ಬಂದ ಬಾಲಯೇಸುವಿಗೆ ರಾಗಿ ಬಿಟ್ಟು ಇನ್ನೇನು ಹಾಸಲಾದೀತು?

17ನೇ ಶತಮಾನದ ನಡುವಿನಲ್ಲಿ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತರು. ಆ ಕಾಲದಿಂದ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕ್ರೈಸ್ತ ನಂಬಿಕೆ ರಾಯಪ್ಪ, ಚೌರಪ್ಪ, ಇನ್ನಾಸಪ್ಪ ಎಂದು ಹೆಸರಿಟ್ಟುಕೊಂಡು ಹೊಲ ಗೇಯ್ದುಕೊಂಡು ಬಂದಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿಯಿತು, ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂತು. ನಮ್ಮಜ್ಜಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. "ಈಗೆಲ್ಲ ಅರ್ಥ ಆಗ್ತದೆ, ಗಮನ ಕೊಟ್ಟು ಕೇಳ್ಲೇಬೇಕು" ಎನ್ನುತ್ತಿದ್ದರು.

ನಾನು ಬೆಂಗಳೂರು ಸೇರಿದ ಮೇಲೆ ಪೂಜೆಗೆ ಹೋಗುವುದು ನಿಂತಿತ್ತು. ದೇವರ ಜೊತೆ ಜಗಳವೇನೂ ಇರಲಿಲ್ಲ, ಭಾನುವಾರದ ನಿದ್ದೆ ಹಿತವಾಗಿತ್ತು. ಜಗಳ ಇದ್ದದ್ದು ಮನೆಯಲ್ಲಿ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಚಕ್ಕೋತ, ದ್ರಾಕ್ಷಿ ಬೆಳೆಯುತ್ತಿದ್ದ ನೆಲದ ಮಾತು ಗುಂಟೆ ಬಿಟ್ಟು ಚದರಡಿಗೆ ಇಳಿಯಿತು. ಅಪ್ಪ, ಚಿಕ್ಕಪ್ಪ ಪಾಲಿನ ವಿಷಯಕ್ಕೆ ಮಾತು ಬಿಟ್ಟರು. ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರುವ ಹೊತ್ತಿಗೆ ಅಪ್ಪ ಎಡಕ್ಕೆ, ಚಿಕ್ಕಪ್ಪ ಬಲಕ್ಕೆ ತಿರುಗಿ ಯಾರ್ಯಾರಿಗೋ ಕೈಮುಗಿಯುತ್ತಿದ್ದರಂತೆ.

ಮಾತು ಮತ್ತೆ ಶುರುವಾದದ್ದು ಗೋದಲಿಯ ನೆವದಲ್ಲಿ. ಅದರ ಗುಡಿಸಲಿಗೆ ಹುಲ್ಲು ಹೊದಿಸುವ ಕೈ ಚಿಕ್ಕಪ್ಪನದು. ಒಂದು ವರ್ಷ ಅಪ್ಪನೇ ಹೊದಿಸತೊಡಗಿದರು. ಅದನ್ನು ನೋಡಲಾರದೆ ಚಿಕ್ಕಪ್ಪ ಬೇಲಿಯಾಚೆಯಿಂದಲೇ, "ಹಿಂಗಾದ್ರೆ ಯೇಸುಸ್ವಾಮಿ ಇಬ್ಬನೀಲಿ ನೆನೀತಾರೆ" ಎಂದರು. "ನೀನೇ ಬಂದು ಹಾಕು" ಎಂದರು ಅಪ್ಪ. ರಾಜಿ ಎಂದರೆ ಅಷ್ಟೇ. ಪಾಲಿನ ಕಾಗದ ಇವತ್ತಿಗೂ ಇತ್ಯರ್ಥವಾಗಿಲ್ಲ. ಆದರೆ ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಕಟ್ಟಲು ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ, ಗೋಂದು ಜಾಸ್ತಿಯಾಯಿತೆಂದು ಬೈದಾಡುತ್ತಾರೆ.

ನನ್ನನ್ನು ಮತ್ತೆ ಪೂಜೆಗೆ ಎಳೆತಂದವರು ಸೋದರತ್ತೆ. ನಮ್ಮೂರಲ್ಲಿ ದೇವರಿಂದ ತಪ್ಪಿಸಿಕೊಂಡು ತಿರುಗಬಹುದು, ಅತ್ತೆಯಿಂದ ಆಗದು. ಬೆಂಗಳೂರು ಬ್ಲೂ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ ಹಾಕಿ ಬಾಯಿ ಕಟ್ಟಿದ ಜಾಡಿ ಅವರ ಮಂಚದ ಕೆಳಗಿರುತ್ತದೆ. ಪಾಪನಿವೇದನೆ ಮಾಡದವರಿಗೆ ಅದರಲ್ಲಿ ಒಂದು ತೊಟ್ಟೂ ಇಲ್ಲ ಎಂಬುದು ಅವರ ಕಾನೂನು. ಸರಿ, ಇಪ್ಪತ್ತನಾಲ್ಕರ ಸಂಜೆ ಸಾಲಿನಲ್ಲಿ ನಿಂತೆ. ಚರ್ಚಿನ ಅಂಗಳದ ಹುಣಸೆಮರದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ಫಾದರ್ ಕೂತಿದ್ದರು. "ಎಷ್ಟು ವರ್ಷ ಆಯ್ತು?" ಎಂದರು. ಲೆಕ್ಕ ಇಟ್ಟಿಲ್ಲ ಎಂದೆ. ಅವರು ಹುಬ್ಬೇರಿಸಲಿಲ್ಲ, ಮಫ್ಲರನ್ನು ಕೊಂಚ ಸರಿಸಿಕೊಂಡರು. ಎಲ್ಲ ಕೇಳಿ, ಪ್ರಾಯಶ್ಚಿತ್ತಕ್ಕೆ ಒಂದು ಜಪಮಾಲೆ ಹೇಳಬೇಕೆಂದರು. "ಒಬ್ನೇ ಅಲ್ಲ, ಮನೇಲಿ ಎಲ್ಲರ ಜೊತೆ ಕೂತು."

ಎಲ್ಲರೂ ಎಂದರೆ ಚಿಕ್ಕಪ್ಪನ ಮನೆಯವರೂ ಸೇರಿ. ಅತ್ತೆ ಗೇಟಿನ ಹತ್ತಿರವೇ ಹಿಡಿದರು.

"ಅಷ್ಟೊತ್ತು ಏನಪ್ಪಾ ಹೇಳ್ತಿದ್ದೆ? ಹಿಂದೆ ಜನ ನಿಂತಿದ್ರು."

ಜಪಮಾಲೆಯ ವಿಷಯ ಹೇಳಿದೆ. ಅರ್ಧರಾತ್ರಿಯ ಪೂಜೆಗೆ ಇನ್ನೂ ಹೊತ್ತಿತ್ತು. ಅತ್ತೆ ಪಡಸಾಲೆಯಲ್ಲಿ ಚಾಪೆ ಹಾಸಿ ಎರಡೂ ಮನೆಯವರನ್ನು ಕೂರಿಸಿದರು. ನೆನೆದ ಅವರೆಕಾಳಿನ ದಬರಿಯನ್ನೂ ನಡುವೆ ತಂದಿಟ್ಟರು.

"ಜಪ ಶುರು ಮಾಡಿ. ಕೈ ಮಾತ್ರ ನಿಲ್ಲಿಸ್ಬೇಡಿ, ಬೆಳಿಗ್ಗೆ ಸಾರಿಗೆ ಎರಡು ಸೇರು ಹಿತಕಬೇಕು."