ಎಲೆಕ್ಟಿವ್ ಕ್ಲಾಸಲ್ಲಿ ಅಪ್ಪನ ಟೊಮೆಟೊ

ಐದನೇ ಸೆಮ್‌ನಲ್ಲಿ ನಾನು ಎಕನಾಮಿಕ್ಸ್ ಎಲೆಕ್ಟಿವ್ ತಗೊಂಡಿದ್ದು ಲ್ಯಾಬ್ ಇಲ್ಲ, ಪಾಸಾಗೋದು ಸುಲಭ ಅಂತ. ಎರಡನೇ ವಾರ ಮೇಡಂ ಬೋರ್ಡ್ ಮೇಲೆ ಬೇಡಿಕೆಯ ಗೆರೆ ಎಳೆದರು. ತರಕಾರಿ ಅಗ್ಗವಾಯ್ತು ಅಂತ ಯಾರೂ ಎರಡರಷ್ಟು ತಿನ್ನಲ್ಲ. ಹಾಗಾಗಿ ಎಲ್ಲರ ಫಸಲೂ 10 ಪರ್ಸೆಂಟ್ ಹೆಚ್ಚಾದರೆ ಬೆಲೆ ಅದಕ್ಕಿಂತ ಜಾಸ್ತಿ ಕುಸಿಯುತ್ತೆ, ರೈತರ ಒಟ್ಟು ಆದಾಯವೇ ಇಳಿಯುತ್ತೆ. ಇನ್‌ಎಲಾಸ್ಟಿಕ್ ಡಿಮ್ಯಾಂಡ್. ಎಲ್ಲರೂ ಬರ್ಕೊಂಡ್ರು. ನಾನು ಬರೀಲಿಲ್ಲ.

ಪಿಯುಸಿಯಲ್ಲಿದ್ದಾಗ ಅಪ್ಪ ಕೋಲಾರದ ಮಾರ್ಕೆಟ್‌ಗೆ ಟೊಮೆಟೊ ಹಾಕಿ ಬರಿಗೈಲಿ ಬಂದಿದ್ರು. ಟೆಂಪೋ ಬಾಡಿಗೆಯೂ ಹುಟ್ಟಿರಲಿಲ್ಲ. "ನಿಮಗೆ ವ್ಯಾಪಾರ ಬರಲ್ಲ" ಅಂತ ರೇಗಿದ್ದೆ. ಆ ವರ್ಷ ಸುತ್ತಮುತ್ತ ಎಲ್ಲರಿಗೂ ಚೆನ್ನಾಗಿ ಬೆಳೆದಿತ್ತು, ಅಷ್ಟೇ.

ರಾತ್ರಿ ಫೋನ್ ಮಾಡಿ ವಿವರಿಸಿದೆ. ಅಪ್ಪ ಪೂರ್ತಿ ಕೇಳಿಸ್ಕೊಂಡು, "ಅದು ನಮಗೆ ಗೊತ್ತು ಕಣಪ್ಪ. ಈ ಸಲ ಏನು ಹಾಕಬೇಕು ಅಂತ ನಿಮ್ಮ ಮೇಡಂನ ಕೇಳು" ಅಂದ್ರು.

ಸೋಮವಾರ ಕ್ಲಾಸಿದೆ. ಕೇಳ್ತೀನಿ.