ರಸಿಕರ ಜಗಳ

ಲೋಕದಲ್ಲಿ ಜಗಳಗಳು ಹಲವು ಬಗೆ. ಹೊಲದ ಬದುವಿಗಾಗಿ ನಡೆಯುವ ಜಗಳವುಂಟು. ದಾಯಾದಿಗಳ ಪಾಲಿನ ಜಗಳವುಂಟು. ರಾಜ್ಯಕ್ಕಾಗಿ ರಾಜರು ಹೂಡಿದ ಜಗಳಗಳಿಂದ ಚರಿತ್ರೆಯ ಪುಟಗಳೇ ತುಂಬಿವೆ. ಇವುಗಳಲ್ಲೆಲ್ಲ ಗೆದ್ದವನಿಗೆ ಏನಾದರೊಂದು ದೊರೆಯುತ್ತದೆ. ಗೆದ್ದವನಿಗೆ ಕವಡೆಯೂ ದೊರೆಯದ, ಸೋತವನಿಗೆ ಕೂದಲೂ ಕೊಂಕದ ಜಗಳ ಒಂದುಂಟು. ಅದು ರಸಿಕರ ಜಗಳ. ವಿಚಿತ್ರವೇನೆಂದರೆ, ಇದರಷ್ಟು ದೀರ್ಘಕಾಲ, ಇದರಷ್ಟು ಶ್ರದ್ಧೆಯಿಂದ ನಡೆಯುವ ಜಗಳ ಮತ್ತೊಂದಿಲ್ಲ.

ಇದರ ಪೂರ್ಣಸ್ವರೂಪವನ್ನು ಕಾಣಬೇಕೆಂಬ ಕುತೂಹಲವುಳ್ಳವರು ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಟೆಲಿವಿಷನ್ ಕಥಾಮಾಲೆಯ ಅಭಿಮಾನಿಗಳು ನಾಲ್ವರು ಸೇರಿದೆಡೆಗೆ ಹೋಗಬೇಕು. ೧೯೬೬ನೆಯ ಇಸವಿ ಸೆಪ್ಟೆಂಬರ್ ೮ರಂದು ಎನ್.ಬಿ.ಸಿ. ಎಂಬ ಪ್ರಸಾರಸಂಸ್ಥೆಯ ಮೂಲಕ ಈ ಕಥಾಮಾಲೆ ಮೊದಲಾಯಿತು. ಇದನ್ನು ಕಲ್ಪಿಸಿದವರು ಜೀನ್ ರಾಡೆನ್‌ಬೆರಿ. ಮೊದಲು ವಿಮಾನಚಾಲಕರಾಗಿ, ಅನಂತರ ಲಾಸ್ ಏಂಜಲೀಸ್ ನಗರದ ಪೊಲೀಸು ಇಲಾಖೆಯಲ್ಲಿ ನೌಕರರಾಗಿ ಜೀವನ ನಡಸಿದ್ದ ಇವರು ಮುಂಬರುವ ಶತಮಾನಗಳ ಮನುಷ್ಯನನ್ನು ಕುರಿತು ಒಂದು ಕನಸು ಕಂಡರು. ಆ ಕನಸಿನ ಭೂಮಿಯಲ್ಲಿ ಯುದ್ಧವಿಲ್ಲ, ದಾರಿದ್ರ್ಯವಿಲ್ಲ, ಜನಾಂಗಗಳಲ್ಲಿ ಮೇಲುಕೀಳೆಂಬುದಿಲ್ಲ. ‘ಎಂಟರ್‌ಪ್ರೈಸ್’ ಎಂಬ ನೌಕೆ ನಕ್ಷತ್ರದಿಂದ ನಕ್ಷತ್ರಕ್ಕೆ ಸಂಚರಿಸುತ್ತದೆ, ಗೆಲ್ಲುವುದಕ್ಕಲ್ಲ, ಅರಿಯುವುದಕ್ಕೆ. ಅದರ ನಾಯಕನಾದ ಕರ್ಕ್ ಸಾಹಸಪ್ರಿಯ. ಅವನ ಒಂದು ಪಕ್ಕದಲ್ಲಿ, ಭಾವವನ್ನು ಹತ್ತಿಕ್ಕಿ ತರ್ಕವನ್ನೇ ನಂಬಿದ ಸ್ಪಾಕ್. ಇನ್ನೊಂದು ಪಕ್ಕದಲ್ಲಿ, ಕರುಳು ನುಡಿದುದನ್ನು ಆಡದೆ ಬಿಡಲಾರದ ವೈದ್ಯ ಮೆಕಾಯ್. ಬುದ್ಧಿ ಒಂದು ಕಡೆಗೂ ಕರುಣೆ ಇನ್ನೊಂದು ಕಡೆಗೂ ಎಳೆಯುವಾಗ ನಿರ್ಣಯ ಕೊಡಬೇಕಾದವನ ಪಾಡೇನು ಎಂಬುದೇ ಆ ಕಥೆಗಳ ಜೀವ.

ಮೂರು ವರ್ಷ ನಡೆದು ೭೯ ಕಂತುಗಳಾದ ಮೇಲೆ, ೧೯೬೯ರಲ್ಲಿ ಈ ಮಾಲೆ ನಿಂತುಹೋಯಿತು. ಆದರೆ ಮರ ಕಡಿದರೂ ಬೇರು ಉಳಿದಿತ್ತು. ೧೯೮೭ರಲ್ಲಿ ‘ದಿ ನೆಕ್ಸ್ಟ್ ಜನರೇಷನ್’ ಎಂಬ ಹೊಸ ಮಾಲೆ ಹುಟ್ಟಿತು. ಅದರ ನಾಯಕ ಪಿಕಾರ್ಡ್. ೧೯೯೩ರಲ್ಲಿ ‘ಡೀಪ್ ಸ್ಪೇಸ್ ನೈನ್’ ಬಂದಿತು. ಅದರ ನಾಯಕ ಸಿಸ್ಕೋ. ೧೯೯೫ರಲ್ಲಿ ‘ವಾಯೇಜರ್’ ಹೊರಟಿತು. ಅದರ ನಾಯಕಿ ಜೇನ್‌ವೇ. ಆಮೇಲೆಯೂ ಹೊಸ ಮಾಲೆಗಳು ಬಂದಿವೆ. ಒಂದೊಂದು ಕೊಂಬೆ ಚಿಗುರಿದಂತೆಲ್ಲ ರಸಿಕರಲ್ಲಿ ಒಂದೊಂದು ಪಕ್ಷ ಹುಟ್ಟಿತು. ಪಕ್ಷ ಹುಟ್ಟಿದ ಮೇಲೆ ಪ್ರತಿಪಕ್ಷವಿಲ್ಲದೆ ಇದ್ದೀತೆ?

ಇವರ ವಾದ ಸಾಮಾನ್ಯವಾಗಿ ಬಹು ವಿನಯದಿಂದ ಆರಂಭವಾಗುತ್ತದೆ. “ಎಲ್ಲವೂ ಚೆನ್ನಾಗಿಯೇ ಇವೆ, ಆದರೂ...” ಎಂದು ಒಬ್ಬನು ತೊಡಗುತ್ತಾನೆ. ಆ ‘ಆದರೂ’ ಎಂಬ ಮಾತಿನಲ್ಲಿ ಸಮಸ್ತ ಕಲಹದ ಬೀಜವೂ ಅಡಗಿದೆ. ಹಿರಿಯನು ಮೊದಲ ಮಾಲೆಯ ಪಕ್ಷಪಾತಿ. ಅದರ ಬಂಡೆಗಳು ರಟ್ಟಿನವು, ಅದರ ರಾಕ್ಷಸನು ರಬ್ಬರಿನ ಉಡುಗೆ ತೊಟ್ಟ ನಟನು ಎಂದು ಕಿರಿಯನು ನಕ್ಕರೆ, ಹಿರಿಯನು ತಾಳ್ಮೆಯಿಂದ, “ಬಂಡೆ ರಟ್ಟಿನದಿರಬಹುದು, ಮಾತು ರಟ್ಟಿನದಲ್ಲ” ಎನ್ನುತ್ತಾನೆ. ಪಿಕಾರ್ಡನ ಕಡೆಯವನು ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಳಗಿದ ಪ್ಯಾಟ್ರಿಕ್ ಸ್ಟೂಯರ್ಟರ ಕಂಠವನ್ನು ಸಾಕ್ಷಿಗೆ ಕರೆಯುತ್ತಾನೆ. ಸಿಸ್ಕೋವಿನ ಕಡೆಯವನು, ಉಳಿದವರೆಲ್ಲ ವಾರಕ್ಕೊಂದು ಲೋಕವನ್ನು ಕಂಡು ಬೆನ್ನು ತಿರುಗಿಸಿ ಹೊರಟುಹೋಗುವವರೆಂದೂ, ತನ್ನ ನಾಯಕನೊಬ್ಬನೇ ಒಂದೆಡೆಯಲ್ಲಿ ನಿಂತು ತಾನು ಮಾಡಿದುದರ ಫಲವನ್ನು ಉಂಡವನೆಂದೂ ಹೇಳುತ್ತಾನೆ. ಕಂತಿನ ಹೆಸರು, ಪ್ರಸಾರವಾದ ವರ್ಷ, ಆಡಿದ ಮಾತು, ಆಡದೆ ಬಿಟ್ಟ ಮಾತು ಎಲ್ಲವೂ ಇವರಿಗೆ ಕಂಠಪಾಠ. ತಮ್ಮ ಮದುವೆಯ ತಾರೀಖನ್ನು ಮರೆತವರು ಇವರಲ್ಲಿ ಇರಬಹುದು; ಕಂತಿನ ತಾರೀಖನ್ನು ಮರೆತವರು ವಿರಳ.

ಇದನ್ನೆಲ್ಲ ದೂರದಿಂದ ನೋಡಿದ ವಿವೇಕಿಯು ಒಂದು ಸುಲಭವಾದ ಸಮಾಧಾನವನ್ನು ಹೇಳಿಯಾನು: ಮನುಷ್ಯನು ಮೀಸೆ ಮೂಡುವ ಮುನ್ನ ಕಂಡುದೇ ಅವನಿಗೆ ಶ್ರೇಷ್ಠ, ಅವನು ಹೊಗಳುತ್ತಿರುವುದು ಕಥೆಯನ್ನಲ್ಲ, ಕಳೆದುಹೋದ ತನ್ನ ಬಾಲ್ಯವನ್ನು, ಎಂದು. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಪೂರ್ಣ ಸತ್ಯವಿಲ್ಲ. ಬಾಲ್ಯದ ನೆನಪು ಮಾತ್ರವೇ ಆಗಿದ್ದರೆ ಒಬ್ಬೊಬ್ಬನು ತನ್ನ ನೆನಪನ್ನು ಚಪ್ಪರಿಸಿಕೊಂಡು ಸುಮ್ಮನಿರುತ್ತಿದ್ದನು. ತಾಯಿಯ ಕೈಯಡುಗೆಯ ವಿಷಯದಲ್ಲಿ ಯಾರೂ ತರ್ಕ ಹೂಡುವುದಿಲ್ಲವಷ್ಟೆ. ಇಲ್ಲಿಯಾದರೋ ತರ್ಕ ನಡೆಯುತ್ತದೆ, ಪ್ರಮಾಣಗಳು ಬರುತ್ತವೆ, ಕೆಲವು ವೇಳೆ ಅಪೂರ್ವವಾಗಿ ಒಬ್ಬನು ತನ್ನ ಅಭಿಪ್ರಾಯವನ್ನು ಬದಲಿಸುವುದೂ ಉಂಟು. ಹಾಗಾದರೆ ವಾದದ ವಸ್ತು ಬೇರೆ ಏನೋ ಇರಬೇಕು.

ಅದೇನೆಂಬುದನ್ನು ತಿಳಿಯಲು, ಅವರು ಮರಳಿ ಮರಳಿ ಹಿಡಿಯುವ ಕಂತುಗಳನ್ನು ನೋಡಬೇಕು. ೧೯೮೯ರಲ್ಲಿ ಬಂದ ‘ದಿ ಮೆಷರ್ ಆಫ್ ಎ ಮ್ಯಾನ್’ ಎಂಬುದರಲ್ಲಿ ಡೇಟಾ ಎಂಬ ಯಂತ್ರಮಾನವನನ್ನು ಬಿಚ್ಚಿ ನೋಡಬೇಕೆಂದು ವಿಜ್ಞಾನಿಯೊಬ್ಬನು ಬಯಸುತ್ತಾನೆ. ಅವನು ವ್ಯಕ್ತಿಯೋ, ನೌಕಾದಳದ ಸೊತ್ತೋ ಎಂಬ ಪ್ರಶ್ನೆ ನ್ಯಾಯಸ್ಥಾನಕ್ಕೆ ಬರುತ್ತದೆ. ಪಿಕಾರ್ಡನು ಅವನ ಪರವಾಗಿ ವಾದಿಸುತ್ತಾನೆ. ಅವನ ಗೆಳೆಯನೇ ಆಜ್ಞೆಗೆ ಕಟ್ಟುಬಿದ್ದು ವಿರೋಧವಾಗಿ ವಾದಿಸಬೇಕಾಗುತ್ತದೆ. ನ್ಯಾಯಾಧಿಪತಿಯು ಡೇಟಾವಿಗೆ ಆತ್ಮವುಂಟೆಂದು ತೀರ್ಮಾನಿಸುವುದಿಲ್ಲ. ಆ ಪ್ರಶ್ನೆಯನ್ನು ಅವನೇ ತನ್ನೊಳಗೆ ವಿಚಾರಿಸಿಕೊಳ್ಳಲು ಅವನಿಗೆ ಸ್ವಾತಂತ್ರ್ಯವುಂಟೆಂದು ಮಾತ್ರ ತೀರ್ಪು ಕೊಡುತ್ತಾಳೆ. ಮಾತನಾಡುವ ಯಂತ್ರಗಳು ಮನೆಮನೆಗೂ ಬಂದಿರುವ ಈ ದಿನಗಳಲ್ಲಿ ಆ ವಾದ ಹಳೆಯದಾಗಿಲ್ಲ.

೧೯೯೬ರ ‘ಟೂವಿಕ್ಸ್’ ಎಂಬ ಕಂತು ಇದಕ್ಕಿಂತ ಕಠಿನ. ‘ವಾಯೇಜರ್’ ನೌಕೆಯ ಇಬ್ಬರು ಸಹಯಾತ್ರಿಕರು ಒಂದು ಅವಘಡದಿಂದ ಬೆರೆತುಹೋಗಿ ಮೂರನೆಯ ಒಬ್ಬ ವ್ಯಕ್ತಿಯಾಗುತ್ತಾರೆ. ಈ ಹೊಸಬನು ಒಳ್ಳೆಯವನು, ಸಮರ್ಥನು, ಎಲ್ಲರಿಗೂ ಬೇಕಾದವನು. ಕೆಲವು ವಾರಗಳಾದ ಮೇಲೆ ಅವನನ್ನು ಒಡೆದು ಮೊದಲಿನ ಇಬ್ಬರನ್ನು ಮರಳಿ ಪಡೆಯುವ ಉಪಾಯ ದೊರೆಯುತ್ತದೆ. ಅವನು ಬದುಕಬೇಕೆಂದು ಬೇಡುತ್ತಾನೆ. ನೌಕೆಯ ವೈದ್ಯನು ಆ ಕಾರ್ಯಕ್ಕೆ ಒಪ್ಪುವುದಿಲ್ಲ. ಜೇನ್‌ವೇ ತನ್ನ ಕೈಯಿಂದಲೇ ಅದನ್ನು ಮಾಡಿ ಮುಗಿಸುತ್ತಾಳೆ. ಇಬ್ಬರು ಬದುಕಿದರು, ಒಬ್ಬನು ಇಲ್ಲವಾದನು. ಅದು ರಕ್ಷಣೆಯೋ ಕೊಲೆಯೋ? ಇಷ್ಟು ವರ್ಷಗಳಾದರೂ ಈ ಪ್ರಶ್ನೆಯೆದ್ದರೆ ರಸಿಕರ ಕೂಟ ಎರಡಾಗಿ ಒಡೆಯುತ್ತದೆ.

ಮೂರನೆಯದು ೧೯೯೮ರ ‘ಇನ್ ದಿ ಪೇಲ್ ಮೂನ್‌ಲೈಟ್’. ಯುದ್ಧ ಸೋಲಿನ ಕಡೆಗೆ ವಾಲಿದೆ. ದಿನದಿನವೂ ಮಡಿದವರ ಪಟ್ಟಿ ಬರುತ್ತಿದೆ. ತಟಸ್ಥವಾಗಿರುವ ಒಂದು ಬಲಿಷ್ಠ ರಾಷ್ಟ್ರವನ್ನು ತನ್ನ ಕಡೆಗೆ ತರಲು ಸಿಸ್ಕೋ ಸುಳ್ಳು ಸಾಕ್ಷ್ಯವನ್ನು ಸೃಷ್ಟಿಸುತ್ತಾನೆ. ಆ ಒಂದು ಸುಳ್ಳು ಲಂಚಕ್ಕೂ, ಲಂಚ ಕೊಲೆಗೂ ದಾರಿ ಮಾಡುತ್ತದೆ. ಕೊಲೆಯನ್ನು ಅವನು ಮಾಡಿಸಿದವನಲ್ಲ. ಆದರೆ ಅದರ ಫಲವನ್ನು ನೂಕಲೂ ಇಲ್ಲ. ಸಾವಿರಾರು ಪ್ರಾಣಗಳು ಉಳಿದುವು. ಅವನ ಸತ್ಯ ಉಳಿಯಲಿಲ್ಲ. ರಾಮನು ಮರೆಯಲ್ಲಿ ನಿಂತು ವಾಲಿಯನ್ನು ಕೊಂದುದು ಧರ್ಮವೇ ಎಂಬ ವಾದವನ್ನು ತಾಳಮದ್ದಳೆಯಲ್ಲಿ ಬೆಳಗಾಗುವವರೆಗೆ ಕುಳಿತು ಕೇಳಿದವರಿಗೆ ಈ ಸಂಕಟ ಅಪರಿಚಿತವಲ್ಲ.

ಈಗ ಅವರ ಜಗಳದ ಅರ್ಥ ಹೊಳೆಯುತ್ತದೆ. ‘ಯಾವ ಮಾಲೆ ಶ್ರೇಷ್ಠ?’ ಎಂದು ಅವರು ಕೇಳಿದಾಗ ನಿಜವಾಗಿ ಕೇಳುವುದು, ‘ಕಷ್ಟದ ಗಳಿಗೆಯಲ್ಲಿ ಮನುಷ್ಯನು ಹೇಗೆ ನಡೆಯಬೇಕು?’ ಎಂಬುದನ್ನು. ಆದರ್ಶವನ್ನು ಬಿಡದೆ ಸೋಲುವವನು ದೊಡ್ಡವನೋ, ಕೈ ಕೊಳೆಯಾದರೂ ತನ್ನವರನ್ನು ಉಳಿಸಿಕೊಳ್ಳುವವನು ದೊಡ್ಡವನೋ? ತನ್ನ ನೌಕಾದಳದವರು ತಮ್ಮತಮ್ಮಲ್ಲಿ ಸಣ್ಣತನದಿಂದ ಕಾದಾಡಬಾರದೆಂಬುದು ರಾಡೆನ್‌ಬೆರಿಯವರ ಕಟ್ಟುಪಾಡು. ಅವರು ೧೯೯೧ರಲ್ಲಿ ತೀರಿಕೊಂಡರು. ಯುದ್ಧದ ಕಥೆಯಾಗಿ ಬೆಳೆದ ಸಿಸ್ಕೋವಿನ ಮಾಲೆ ಅವರ ತರುವಾಯದ್ದು. ಅದು ಅವರ ಕನಸಿಗೆ ಮಾಡಿದ ದ್ರೋಹವೆಂದು ಒಬ್ಬನೆನ್ನುತ್ತಾನೆ. ಒರೆಗೆ ಹಚ್ಚದ ಚಿನ್ನವನ್ನು ಚಿನ್ನವೆಂದು ನಂಬುವುದು ಹೇಗೆಂದು ಇನ್ನೊಬ್ಬನು ಕೇಳುತ್ತಾನೆ. ಗೃಹಸ್ಥರು ತಮ್ಮ ತಮ್ಮ ಬಾಳಿನ ಇಕ್ಕಟ್ಟುಗಳನ್ನು ನೆರೆಯವರ ಮುಂದೆ ಬಿಚ್ಚಿ ವಿಚಾರಿಸುವುದು ಕಷ್ಟ, ನಾಚಿಕೆ ಅಡ್ಡಬರುತ್ತದೆ. ನಕ್ಷತ್ರಲೋಕದ ನಾಯಕನ ಹೆಸರಿನಲ್ಲಾದರೆ ಎಲ್ಲವನ್ನೂ ನಿಸ್ಸಂಕೋಚವಾಗಿ ಆಡಬಹುದು.

ಇಂತಹ ಜಗಳಕ್ಕೆ ಫಲವಿಲ್ಲವೆಂದು ಮೊದಲು ಹೇಳಿದುದನ್ನು ಇಲ್ಲಿ ಸ್ವಲ್ಪ ತಿದ್ದಬೇಕಾಗುತ್ತದೆ. ಜಗಳವಾಡಿದವರಿಗೆ ಏನೂ ದೊರೆಯಲಿಲ್ಲವೆಂಬುದು ನಿಜ. ಆದರೆ ಕಥೆಗೆ ಆಯುಷ್ಯ ದೊರೆಯಿತು. ಎರಡನೆಯ ವರ್ಷದಲ್ಲಿಯೇ ಮೊದಲ ಮಾಲೆಯನ್ನು ನಿಲ್ಲಿಸುವರೆಂಬ ವದಂತಿ ಹಬ್ಬಿದಾಗ ಜಾನ್ ಮತ್ತು ಬಿಜೋ ಟ್ರಿಂಬಲ್ ಎಂಬ ದಂಪತಿಗಳು ಅಭಿಮಾನಿಗಳಿಂದ ಪತ್ರಗಳನ್ನು ಬರೆಸುವ ಚಳವಳಿಯನ್ನು ಹೂಡಿದರು. ೧೯೬೮ರ ಜನವರಿಯಲ್ಲಿ ಕ್ಯಾಲ್‌ಟೆಕ್ ವಿದ್ಯಾಲಯದ ವಿದ್ಯಾರ್ಥಿಗಳು ಫಲಕಗಳನ್ನು ಹಿಡಿದು ಸಂಸ್ಥೆಯ ಬಾಗಿಲಿಗೆ ಮೆರವಣಿಗೆ ಹೋದರು. ಅದೇ ವರ್ಷ ಮಾರ್ಚ್ ೧ರ ರಾತ್ರಿ, ಮಾಲೆ ಮುಂದುವರಿಯುವುದೆಂದು ಸಂಸ್ಥೆಯು ಪ್ರಸಾರದಲ್ಲಿಯೇ ಸಾರಬೇಕಾಯಿತು. ದೊರೆತುದು ಒಂದೇ ವರ್ಷ. ಅದೂ ಶುಕ್ರವಾರ ರಾತ್ರಿ ೧೦ ಗಂಟೆಯ, ತರುಣರು ಮನೆಯಲ್ಲಿರದ ಹೊತ್ತು. ಆದರೂ ಆ ಒಂದು ವರ್ಷದಿಂದ ಕಂತುಗಳ ಸಂಖ್ಯೆ ಬೆಳೆಯಿತು. ಊರೂರಿನ ಪ್ರಸಾರಕೇಂದ್ರಗಳು ಅವನ್ನು ದಿನದಿನವೂ ಮರುಪ್ರಸಾರ ಮಾಡಲು ಸಾಕಾಯಿತು. ಜನಪ್ರೀತಿ ಬೆಳೆದುದು ಆ ಮರುಪ್ರಸಾರಗಳಿಂದಲೇ. ೧೯೭೨ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ರಸಿಕರ ಸಮ್ಮೇಳನ ಸೇರಿತು. ಕೆಲವು ನೂರು ಜನರನ್ನು ನಿರೀಕ್ಷಿಸಿದಲ್ಲಿ ಮೂರು ಸಾವಿರಕ್ಕೂ ಮಿಕ್ಕು ಜನ ಬಂದರು.

ಸಾಗರದಾಚೆಯ ಇಂಗ್ಲೆಂಡಿನಲ್ಲಿ ಇದಕ್ಕೂ ಹೃದಯಂಗಮವಾದ ದೃಷ್ಟಾಂತವಿದೆ. ೧೯೬೩ರಲ್ಲಿ ಬಿ.ಬಿ.ಸಿ. ಆರಂಭಿಸಿದ ‘ಡಾಕ್ಟರ್ ಹೂ’ ಎಂಬುದೂ ಇಂತಹದೇ ವಿಜ್ಞಾನಕಥೆಯ ಮಾಲೆ. ಆ ಕಾಲದಲ್ಲಿ ಚಿತ್ರಸುರುಳಿಗಳು ದುಬಾರಿಯಾದುವು. ಹಳೆಯ ಕಂತುಗಳಿಗೆ ಮುಂದೆ ಬೆಲೆಯಿಲ್ಲವೆಂದು ತಿಳಿದು ಸಂಸ್ಥೆಯವರು ಎಷ್ಟೋ ಸುರುಳಿಗಳನ್ನು ಅಳಿಸಿಬಿಟ್ಟರು. ಹೀಗೆ ಹೋದವುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಮರಳಿ ದೊರೆತಿಲ್ಲ. ಆದರೆ ಅವುಗಳಲ್ಲಿ ಒಂದೊಂದರ ಧ್ವನಿಯೂ ಉಳಿದಿದೆ. ಉಳಿಸಿದವರು ಸಂಸ್ಥೆಯ ಅಧಿಕಾರಿಗಳಲ್ಲ. ಮನೆಯಲ್ಲಿ ಧ್ವನಿಮುದ್ರಣದ ಯಂತ್ರವನ್ನು ಟೆಲಿವಿಷನ್ನಿನ ಬಳಿ ಇಟ್ಟು, ಶಬ್ದವನ್ನಾದರೂ ಹಿಡಿದಿಟ್ಟುಕೊಂಡ ಅಭಿಮಾನಿಗಳು. ೧೯೮೯ರಲ್ಲಿ ನಿಂತ ಆ ಮಾಲೆ ೨೦೦೫ರಲ್ಲಿ ಮತ್ತೆ ಜೀವ ತಳೆದಾಗ, ಅದನ್ನು ಬರೆಯಲು ಕುಳಿತ ರಸೆಲ್ ಡೇವಿಸ್ ಬಾಲ್ಯದಿಂದಲೇ ಅದರ ಅಭಿಮಾನಿ.

ಹೀಗೆಂದಮಾತ್ರಕ್ಕೆ ರಸಿಕರ ಜಗಳವೆಲ್ಲ ಅಮೃತವೆಂದು ಭಾವಿಸಬಾರದು. ಪ್ರೀತಿ ಒಡೆತನವಾಗಿ ಮಾರ್ಪಟ್ಟಾಗ ಅದರಲ್ಲಿ ವಿಷ ಹುಟ್ಟುತ್ತದೆ. ೧೯೬೬ರ ಎಂಟರ್‌ಪ್ರೈಸ್ ನೌಕೆಯಲ್ಲಿ ಕಪ್ಪು ಜನಾಂಗದ ಉಹುರಾ ಅಧಿಕಾರಿಣಿಯಾಗಿದ್ದಳು. ಏಷ್ಯದ ಮೂಲದ ಸೂಲು ಚುಕ್ಕಾಣಿ ಹಿಡಿದಿದ್ದನು. ಅಮೆರಿಕಕ್ಕೂ ರಷ್ಯಕ್ಕೂ ವೈರ ಕುದಿಯುತ್ತಿದ್ದ ೧೯೬೭ರಲ್ಲಿ ರಷ್ಯದ ಚೆಕಾಫ್ ಬಂದು ಅವರ ಪಕ್ಕದಲ್ಲಿ ಕುಳಿತನು. ಉಹುರಾ ಪಾತ್ರ ವಹಿಸಿದ ನಿಷೆಲ್ ನಿಕೋಲ್ಸ್, ತಾವು ಆ ಕೆಲಸವನ್ನು ಬಿಡಬೇಕೆಂದಿದ್ದಾಗ ಮಾರ್ಟಿನ್ ಲೂಥರ್ ಕಿಂಗರು ಬಿಡಬಾರದೆಂದು ತಮ್ಮನ್ನು ಒಪ್ಪಿಸಿದರೆಂದು ಮುಂದೆ ಹಲವು ಬಾರಿ ಹೇಳಿದ್ದಾರೆ. ಬಾಲ್ಯದಲ್ಲಿ ಉಹುರಾಳನ್ನು ನೋಡಿ ಸ್ಫೂರ್ತಿಗೊಂಡ ಮೇ ಜೆಮಿಸನ್ ೧೯೯೨ರಲ್ಲಿ ನಿಜವಾಗಿಯೂ ಅಂತರಿಕ್ಷಕ್ಕೆ ಏರಿದರು. ಇಷ್ಟಾದರೂ, ೨೦೧೭ರಲ್ಲಿ ಬಂದ ‘ಡಿಸ್ಕವರಿ’ ಎಂಬ ಮಾಲೆಗೆ ಕಪ್ಪು ಜನಾಂಗದ ಮಹಿಳೆಯೊಬ್ಬಳು ನಾಯಿಕೆಯಾದಾಗ ಕೆಲವರು ಮೊದಲ ಮಾಲೆಯ ಹೆಸರೆತ್ತಿಯೇ ಗೊಣಗಿದರು. ಐವತ್ತು ವರ್ಷ ಒಂದು ಕಥೆಯನ್ನು ಪ್ರೀತಿಸಿಯೂ ಅದು ಹೇಳಿದುದನ್ನು ಕೇಳದೆ ಹೋಗುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ವಿಷಾದಕರವಾದ ಸಾಕ್ಷ್ಯ ಬೇಡ.

ಆದುದರಿಂದ ಒಳ್ಳೆಯ ಜಗಳವನ್ನು ಕೆಟ್ಟ ಜಗಳದಿಂದ ಬೇರ್ಪಡಿಸುವ ಗುರುತು ಧ್ವನಿಯ ಏರಿಳಿತವಲ್ಲ. ಒಳ್ಳೆಯ ರಸಿಕನು ಎದುರಾಳಿಯನ್ನು ಎಷ್ಟು ಜೋರಾಗಿ ಖಂಡಿಸಿದರೂ ಅವನು ಎದ್ದುಹೋಗಲೆಂದು ಬಯಸುವುದಿಲ್ಲ. ಕೆಟ್ಟ ರಸಿಕನಿಗೆ ಬೇಕಾದುದು ಬರಿದಾದ ಕೋಣೆ. ಅಲ್ಲಿ ತಾನೊಬ್ಬನೇ, ತನ್ನ ಕಥೆಯೊಂದೇ. ಕೇಳುವವರಿಲ್ಲದ ಕಥೆ ಎಷ್ಟು ದಿನ ಬದುಕೀತು?

ಮೊದಲ ಮಾಲೆಯನ್ನು ಮೊದಲ ರಾತ್ರಿಯಲ್ಲಿ ಕಂಡ ಬಾಲಕರಿಗೆ ಈಗ ಎಪ್ಪತ್ತರ ಮೇಲೆ ವಯಸ್ಸು. ಕರ್ಕನ ಜೊತೆಗಾರ ಸ್ಪಾಕ್ ಆಗಿ ಮೆರೆದ ಲಿಯೊನಾರ್ಡ್ ನಿಮಾಯ್ ೨೦೧೫ರಲ್ಲಿಯೂ, ನಿಷೆಲ್ ನಿಕೋಲ್ಸ್ ೨೦೨೨ರಲ್ಲಿಯೂ ತೀರಿಕೊಂಡರು. ಆ ವೃದ್ಧರು ಇಂದಿಗೂ ಮೊಮ್ಮಕ್ಕಳ ವಯಸ್ಸಿನವರ ಸಂಗಡ ಕುಳಿತು, ಜೇನ್‌ವೇ ಮಾಡಿದುದು ಸರಿಯೇ ತಪ್ಪೇ ಎಂದು ಹಟ ಹಿಡಿದು ವಾದಿಸುತ್ತಾರೆ. ವಾದ ಮುಗಿಯುವುದಿಲ್ಲ, ಹೊತ್ತಾಯಿತೆಂದು ನಿಲ್ಲಿಸುತ್ತಾರೆ, ಅಷ್ಟೆ. ಎದುರಿಗಿದ್ದವನು ಹಠಾತ್ತಾಗಿ “ನೀವು ಹೇಳಿದುದೇ ಸರಿ” ಎಂದುಬಿಟ್ಟರೆ ಅವರ ಮುಖ ಸ್ವಲ್ಪ ಬಾಡುವುದನ್ನು ಸೂಕ್ಷ್ಮದೃಷ್ಟಿಯವರು ಕಾಣಬಹುದು.