ಪೇಪರಿನ ಮೂಲೆಯ ನಾಲ್ಕು ಸಾಲು

ಜಿಲ್ಲಾ ಪುಟದ ಮೂಲೆಯಲ್ಲಿ ‘ಅಪರಿಚಿತ ಮಹಿಳೆಯ ಶವ ಪತ್ತೆ’ ಅಂತ ನಾಲ್ಕು ಸಾಲು ಬರುತ್ತದಲ್ಲ, ಅದನ್ನು ನಾವು ಬಿಡದೆ ಓದುತ್ತೇವೆ. ಸಯನೈಡ್ ಮೋಹನನ ಪ್ರಕರಣ ಓದಿದ ಮೇಲೆ ಹತ್ತಿದ ಚಟ ಇದು.

ಬಂಟ್ವಾಳ ಕಡೆಯ ಪ್ರಾಥಮಿಕ ಶಾಲೆಯ ಮಾಸ್ತರ ಅವನು, ಮೋಹನ್ ಕುಮಾರ್. 2003ರಿಂದ 2009ರೊಳಗೆ 20 ಹೆಣ್ಣುಮಕ್ಕಳನ್ನು ಕೊಂದ. ಹೆಚ್ಚಿನವರು ಬಡವರ ಮನೆಯವರು, ವರದಕ್ಷಿಣೆ ಹೊಂದಿಸಲಾಗದೆ ಮದುವೆ ತಡವಾದವರು. ‘ವರದಕ್ಷಿಣೆ ಬೇಡ, ಮದುವೆಯಾಗೋಣ’ ಎಂದು ದೂರದ ಊರಿಗೆ ಕರೆದೊಯ್ದು ಲಾಡ್ಜಿನಲ್ಲಿ ಉಳಿಯುತ್ತಿದ್ದ. ಬೆಳಗ್ಗೆ ಒಡವೆ ರೂಮಿನಲ್ಲೇ ಬಿಡಿಸಿ ಬಸ್ ಸ್ಟ್ಯಾಂಡಿಗೆ ಕರೆತಂದು, ಬಸಿರು ನಿಲ್ಲದ ಮಾತ್ರೆ, ಶೌಚಾಲಯಕ್ಕೆ ಹೋಗಿ ನುಂಗು ಎನ್ನುತ್ತಿದ್ದ. ಅದು ಸಯನೈಡ್. ಆಕೆ ಒಳಗೆ ಬಿದ್ದಿದ್ದರೆ ಇವನು ಒಡವೆ ತಗೊಂಡು ಊರು ಬಿಡುತ್ತಿದ್ದ.

ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರು: ಊರಿಗೊಂದು ಹೆಣ, ಠಾಣೆಗೊಂದು ಫೈಲು. ಗುರುತಿಲ್ಲದ ಶವ, ಅಸಹಜ ಸಾವು ಅಂತ ಬರೆದು ಮುಚ್ಚಿದರು. ಇತ್ತ ಹುಡುಗಿಯ ಊರಲ್ಲಿ ‘ಯಾರ ಜೊತೆಗೋ ಓಡಿಹೋದಳು’ ಎಂಬ ಮಾತು. ಮರ್ಯಾದೆಗೆ ಅಂಜಿ ಕೆಲವರು ದೂರನ್ನೇ ಕೊಡಲಿಲ್ಲ. ಎರಡೂ ಕಡೆಯ ಕಾಗದ ಒಂದನ್ನೊಂದು ನೋಡಲೇ ಇಲ್ಲ. 2009ರಲ್ಲಿ ಬಂಟ್ವಾಳ ತಾಲೂಕಿನ 22ರ ಹುಡುಗಿಯೊಬ್ಬಳು ಕಾಣೆಯಾದಾಗ ಆಕೆಯ ಸಮುದಾಯದವರು ಸುಮ್ಮನೆ ಕೂರದೆ ಪ್ರತಿಭಟನೆಗೆ ಇಳಿದರು. ಪೊಲೀಸರು ಫೋನ್ ಕರೆಗಳ ಜಾಡು ಹಿಡಿದರು. ಅಕ್ಟೋಬರಿನಲ್ಲಿ ಸಿಕ್ಕಿಬಿದ್ದ. 20ನೇ ಪ್ರಕರಣದ ತೀರ್ಪು ಬಂದದ್ದು 2020ಕ್ಕೆ.

ಅಮೆರಿಕದಲ್ಲೂ ಇಂಥದ್ದೊಂದು ನಡೆದಿತ್ತು. ಟೆಕ್ಸಾಸಿನ ಆಸ್ಟಿನ್ ಊರಲ್ಲಿ 1884ರ ಡಿಸೆಂಬರಿನಿಂದ ಒಂದು ವರ್ಷದಲ್ಲಿ ಎಂಟು ಜನರ ಕೊಲೆ. ಮೊದಮೊದಲು ಸತ್ತವರು ಮನೆಗೆಲಸದ ಕಪ್ಪು ಹೆಂಗಸರು. ಊರು ನಿಜಕ್ಕೂ ಬೆಚ್ಚಿದ್ದು 1885ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಇಬ್ಬರು ಬಿಳಿಯ ಹೆಂಗಸರು ಸತ್ತಾಗ. ಕೊಂದವ ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ನಮ್ಮಲ್ಲಿ ಕೊಲೆಗಾರ ಸಿಕ್ಕ, ಅದಷ್ಟೇ ಫರಕು.

ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಕಡೆಯ ನಮ್ಮ ಹೆಣ್ಣುಮಕ್ಕಳೂ ದುಡಿಯಲು ಮಂಗಳೂರು, ಗೋವಾ, ಬೆಂಗಳೂರು ಬಸ್ ಹತ್ತುತ್ತಾರೆ. ಫೋನ್ ಬರುವುದು ನಿಂತರೆ ಇಲ್ಲಿಯೂ ಕಟ್ಟೆ ಮೇಲಿನ ಮಾತು ಅದೇ, ‘ಓಡಿಹೋದಳು’. ಆ ಮಾತು ಕೇಳಿ ಮನೆಯಲ್ಲಿ ಕೂರಬೇಡಿ. ಒಂದು ದಿನ ಕಾಯಬೇಕೆಂಬ ನಿಯಮವಿಲ್ಲ. ಗದಗ-ಬೆಟಗೇರಿಯ ಠಾಣೆಯಲ್ಲೂ ಕೊಡಬಹುದು, ಆಕೆ ದುಡಿಯುವ ಊರಲ್ಲೂ ಕೊಡಬಹುದು. ಈಚಿನ ಫೋಟೊ, ಮೈಮೇಲಿನ ಮಚ್ಚೆ, ಉಟ್ಟಿದ್ದ ಬಟ್ಟೆ, ಫೋನ್ ನಂಬರ್ ಎಲ್ಲ ಬರೆಸಿ, ದೂರಿನ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.